ಏರಿ, ತೂಬು, ಕೋಡಿ: ದುರ್ಗದ ಸೀಮೆಯ ಕೆರೆಗಳಲ್ಲಿ ಒಂದು ಸುತ್ತಾಟ

ನಮ್ಮ ಕಡೆ ಬಂದವರು ದುರ್ಗದ, ಅಂದರೆ ಚಿತ್ರದುರ್ಗದ, ಕೋಟೆ ನೋಡುತ್ತಾರೆ, ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿನ್ನುತ್ತಾರೆ, ಬಸ್ ಹತ್ತುತ್ತಾರೆ. ಕೆರೆ ನೋಡೋಕೆ ಅಂತ ಯಾರೂ ಬರುವುದಿಲ್ಲ. ನಮ್ಮ ಸೋದರಮಾವನಿಗೆ ಇದರ ಬಗ್ಗೆ ಹಳೇ ಸಿಟ್ಟು. ಸಣ್ಣ ನೀರಾವರಿ ಇಲಾಖೆಯಲ್ಲಿ ಜೂನಿಯರ್ ಇಂಜಿನಿಯರ್ ಆಗಿ ಸೇರಿ, ಏರಿ ಮೇಲೆ ನಡೆದು ನಡೆದೇ ನಿವೃತ್ತರಾದವರು. "ಕೋಟೆ ಕಟ್ಟಿದೋರು ನೀರಿಗೆ ದಾರಿ ಮಾಡ್ಕೊಂಡೇ ಕಟ್ಟಿದ್ದು ಕಣೋ ತಮ್ಮಾ. ನೀರಿಲ್ದೆ ಕೋಟೆ ಒಳಗೆ ಕೂತು ಏನ್ ಮಾಡ್ತಿದ್ರು?" ಅಂತ ಕೇಳುತ್ತಾರೆ. ಈ ನವೆಂಬರ್‌ನಲ್ಲಿ ಅವರ ಹಳೇ ಮಾರುತಿ ಕಾರಿನಲ್ಲಿ ನಾವಿಬ್ಬರೂ ಹೊರಟೆವು. ದೊಡ್ಡ ಡ್ಯಾಂ ನೋಡುವುದಲ್ಲ, ಮಣ್ಣಿನ ಏರಿಗಳನ್ನು ನೋಡುವುದು ಅಂತ ಮೊದಲೇ ಮಾತಾಗಿತ್ತು.

ಶುಕ್ರವಾರ, ಸೂಳೆಕೆರೆ

ದಾವಣಗೆರೆ ಬಿಟ್ಟು ಚನ್ನಗಿರಿ ಕಡೆ ತಿರುಗಿದರೆ ಬಹಳ ದೂರದವರೆಗೆ ಭದ್ರಾ ನಾಲೆಯ ಗದ್ದೆ. ಭತ್ತ ಹಣ್ಣಾಗಿತ್ತು. ಕಟಾವು ಮಷಿನ್‌ಗಳು ರಸ್ತೆ ಬದಿಯಲ್ಲಿ ಸಾಲಾಗಿ ನಿಂತಿದ್ದವು. ಆಮೇಲೆ ಅಡಿಕೆ ತೋಟ. ಆಮೇಲೆ ಇನ್ನೂ ಅಡಿಕೆ ತೋಟ. ಹತ್ತು ಹದಿನೈದು ವರ್ಷದ ಹಿಂದೆ ಮೆಕ್ಕೆಜೋಳ ಇದ್ದ ಹೊಲಗಳಲ್ಲಿ ಈಗ ಅಡಿಕೆ ಸಸಿ ಎದ್ದಿದೆ. ಅಡಿಕೆ ಬಂದ ಮೇಲೆ ಕೆರೆಯ ಕತೆಯೇ ಬೇರೆ ಆಯಿತು, ಅದನ್ನು ಮುಂದೆ ಹೇಳುತ್ತೇನೆ.

ಸೂಳೆಕೆರೆಯನ್ನು ಸರ್ಕಾರಿ ಬೋರ್ಡು ಶಾಂತಿಸಾಗರ ಅನ್ನುತ್ತದೆ. ಏಷ್ಯಾದಲ್ಲೇ ಎರಡನೇ ದೊಡ್ಡ ಕೆರೆ ಅಂತ ಎಲ್ಲರೂ ಹೇಳುತ್ತಾರೆ. ಯಾರು ಎಲ್ಲಿಂದ ಎಲ್ಲಿಗೆ ಅಳೆದರೋ, ನಾನಂತೂ ಆ ಮಾತಿಗೆ ಹೋಗುವುದಿಲ್ಲ. ಅಳೆಯದೆಯೂ ಬೆರಗಾಗುವಂಥದ್ದು ಇಲ್ಲಿ ಬೇರೆಯೇ ಇದೆ. ನೀರು ನಿಲ್ಲುವ ಜಾಗ ಸುಮಾರು ಆರೂವರೆ ಸಾವಿರ ಎಕರೆ. ಅಷ್ಟನ್ನೂ ಹಿಡಿದಿರುವ ಏರಿಯ ಉದ್ದ ಬರೀ 950 ಅಡಿ ಆಸುಪಾಸು! ಎರಡು ಗುಡ್ಡ ಹತ್ತಿರ ಬಂದ ಕಡೆ, ಹರಿದ್ರಾ ಹಳ್ಳ ನುಸುಳಿ ಹೋಗುತ್ತಿದ್ದ ಸಂದನ್ನು ಮಣ್ಣು ತುಂಬಿ ಮುಚ್ಚಿದ್ದಾರೆ. ಮಿಕ್ಕಿದ್ದನ್ನೆಲ್ಲ ಗುಡ್ಡಗಳೇ ನೋಡಿಕೊಂಡಿವೆ.

"ಜಾಗ ಹುಡುಕೋದೇ ಅರ್ಧ ಕೆಲಸ," ಅಂದರು ಮಾವ. ಬಯಲಿನ ಊರುಗಳಲ್ಲಿ ಹೀಗೆ ಗುಡ್ಡ ಸಿಗುವುದಿಲ್ಲ. ಅಲ್ಲಿ ಐವತ್ತು ಎಕರೆ ನೀರಿಗೆ ಅರ್ಧ ಕಿಲೋಮೀಟರ್ ಏರಿ ಕಟ್ಟಬೇಕಾಗುತ್ತದೆ. ಏರಿ ಉದ್ದ ಆದಷ್ಟೂ ಮಣ್ಣು ಜಾಸ್ತಿ, ಕಾಯುವ ಕೆಲಸವೂ ಜಾಸ್ತಿ.

ಶಾಂತವ್ವ ಎಂಬ ರಾಜಕುಮಾರಿ ಕಟ್ಟಿಸಿದಳು ಅನ್ನುವ ಕತೆ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಹನ್ನೊಂದು ಹನ್ನೆರಡನೇ ಶತಮಾನದ ಮಾತು ಅದು. ಕತೆ ಏನೇ ಇರಲಿ, ಏರಿ ಮಾತ್ರ ಇವತ್ತಿಗೂ ನಿಂತಿದೆ. ಸುಮಾರು 330 ಚದರ ಕಿಲೋಮೀಟರ್ ಜಾಗದ ಮಳೆನೀರು ಹರಿದು ಬಂದು ಈ ಏರಿಗೆ ಒರಗುತ್ತದೆ. ಸಿದ್ಧನ ನಾಲೆ, ಬಸವನ ನಾಲೆ ಅಂತ ಎರಡು ಕಾಲುವೆ ಹೊರಗೆ ಹೊರಡುತ್ತವೆ. ಮಿಕ್ಕ ನೀರು ಹರಿದ್ರಾ ಆಗಿ ಹರಿಹರದ ಹತ್ತಿರ ತುಂಗಭದ್ರೆಗೆ ಸೇರುತ್ತದೆ. ಚಿತ್ರದುರ್ಗದ ನಲ್ಲಿಗಳಿಗೂ ಇಲ್ಲಿಂದ ನೀರು ಹೋಗುತ್ತದೆ ಅಂದರೆ ದುರ್ಗದವರಲ್ಲೇ ಕೆಲವರು ನಂಬುವುದಿಲ್ಲ.

ಏರಿ ಮೇಲೆ ನಿಂತು ಮಾವ ಮಣ್ಣಿನ ಪಾಠ ಶುರು ಮಾಡಿದರು. ಮಣ್ಣಿನ ಏರಿ ಅಂದರೆ ಸಿಕ್ಕ ಮಣ್ಣು ಸುರಿದು ಗುಡ್ಡೆ ಮಾಡುವುದಲ್ಲ. ಹೋಳಿಗೆ ಇದ್ದ ಹಾಗೆ, ಹೂರಣ ಬೇರೆ, ಕಣಕ ಬೇರೆ. ಒಳಗೆ ನೀರು ಬಿಡದ ಜೇಡಿಮಣ್ಣು, ಅದಕ್ಕೆ ಇಂಜಿನಿಯರುಗಳು ಹಾರ್ಟಿಂಗ್ ಅನ್ನುತ್ತಾರೆ. ಹೊರಗೆ ಗರಸು ಸೇರಿದ ಗಟ್ಟಿ ಕೆಂಪು ಮಣ್ಣು, ಅದು ಕೇಸಿಂಗ್. ಜೇಡಿ ಒಂದನ್ನೇ ಹಾಕಿದರೆ ಬೇಸಿಗೆಯಲ್ಲಿ ಒಣಗಿ ಬಿರುಕು ಬಿಡುತ್ತದೆ, ಮಳೆಗೆ ಜಾರುತ್ತದೆ. ಗರಸು ಒಂದನ್ನೇ ಹಾಕಿದರೆ ನೀರು ಸೋರಿ ಹೋಗುತ್ತದೆ. ಒಂದು ಗೇಣು ಮಣ್ಣು ಹರಡಬೇಕು, ಹದವಾಗಿ ನೀರು ಚಿಮುಕಿಸಬೇಕು, ತುಳಿಸಬೇಕು. ಆಮೇಲೆ ಮುಂದಿನ ಪದರ. ಹಿಂದೆ ದನ, ಕುರಿ ಹೊಡೆದು ತುಳಿಸುತ್ತಿದ್ದರು. ಈಗಿನ ರೋಲರ್‌ಗೂ ಕುರಿ ಕಾಲಿನ ಹಾಗೆ ಮೊಳೆಗಳಿರುತ್ತವೆ, ಹೆಸರೂ ಶೀಪ್‌ಫುಟ್ ರೋಲರ್ ಅಂತಲೇ.

ನೀರಿನ ಕಡೆ ಇಳಿಜಾರಿಗೆ ಕಲ್ಲು ಹೊದಿಸಿರುತ್ತಾರಲ್ಲ, ಅದು ಚಂದಕ್ಕಲ್ಲ. ದೊಡ್ಡ ಕೆರೆಯಲ್ಲಿ ಗಾಳಿ ಎದ್ದರೆ ಅಲೆ ಬಂದು ಏರಿಗೆ ಬಡಿಯುತ್ತದೆ. ಕಲ್ಲು ಇಲ್ಲದಿದ್ದರೆ ಒಂದೇ ಮಳೆಗಾಲದಲ್ಲಿ ಮಣ್ಣು ಕರಗುತ್ತದೆ. ಎಷ್ಟೋ ಊರುಗಳಲ್ಲಿ ಈ ಕಲ್ಲು ಕಿತ್ತು ಮನೆ ಪಾಯಕ್ಕೆ ಹಾಕಿಕೊಂಡಿದ್ದಾರೆ ಅಂತ ಮಾವ ಗೊಣಗಿದರು.

ಸಂಜೆ ಕೆರೆಬಿಳಚಿ ಕಡೆ ಒಂದು ಅಂಗಡಿಯಲ್ಲಿ ಮಂಡಕ್ಕಿ, ಮಿರ್ಚಿ ತಿಂದು ದಾವಣಗೆರೆಗೆ ವಾಪಸ್ ಬಂದೆವು.

ಶನಿವಾರ, ಭರಮಸಾಗರದಿಂದ ಭೀಮಸಮುದ್ರ

ಹೆದ್ದಾರಿಯಲ್ಲಿ ದಾವಣಗೆರೆಯಿಂದ ದುರ್ಗಕ್ಕೆ ಹೋಗುವವರಿಗೆ ಭರಮಸಾಗರ ಗೊತ್ತು. ದುರ್ಗದ ಪಾಳೆಯಗಾರ ಭರಮಣ್ಣ ನಾಯಕನ ಹೆಸರಿನ ಊರು, ಅವನೇ ಕಟ್ಟಿಸಿದ ಕೆರೆ. 1689ರಿಂದ 1721ರವರೆಗೆ ಆಳಿದವನು. ಆ ಕಾಲದಲ್ಲಿ ಪಾಳೆಯಗಾರನ ಬೊಕ್ಕಸಕ್ಕೆ ಕೆರೆಯ ಕೆಳಗಿನ ಗದ್ದೆ ದೊಡ್ಡ ಆಸರೆ. ಕೆರೆ ಕಟ್ಟಿಸಿದರೆ ಪುಣ್ಯವೂ ಬಂತು, ಕಂದಾಯವೂ ಬಂತು.

ನಾನು ಚಿಕ್ಕವನಿದ್ದಾಗ ಈ ಕೆರೆ ಅಂದರೆ ಜಾಲಿ ಗಿಡ ಬೆಳೆದ ಬಯಲು. ಈಗ ನೀರಿದೆ. 2021ರಲ್ಲಿ ತುಂಗಭದ್ರೆಯಿಂದ ಪಂಪ್ ಮಾಡಿದ ನೀರು ಪೈಪಿನಲ್ಲಿ ಇಲ್ಲಿಗೆ ಬಂತು. ಸಿರಿಗೆರೆ ತರಳಬಾಳು ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿಯವರು ಈ ಏತ ನೀರಾವರಿಗೆ ಮುಂದೆ ನಿಂತವರು. ದಾವಣಗೆರೆ ಸುತ್ತಿನ 22 ಕೆರೆ, ಭರಮಸಾಗರದ ಸುತ್ತಿನ ಕೆರೆಗಳು, ಜಗಳೂರಿನ 57 ಕೆರೆ, ಹೀಗೆ ಈ ಸೀಮೆಯ ಹಳ್ಳಿಗಳಲ್ಲಿ ಈಗ ಕೆರೆ ಅಂದ ತಕ್ಷಣ ಮಾತು ಹೋಗುವುದು ಪೈಪಿನ ಕಡೆಗೆ. ಮೇಲಿನಿಂದ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಬರುತ್ತದೆ ಅಂತ ಕಾಯುತ್ತಿದ್ದಾರೆ. ಅದಕ್ಕೆ ಹಂಚಿಕೆಯಾಗಿರುವುದು 29.90 ಟಿಎಂಸಿ, ತುಂಬಿಸಬೇಕಾದ ಕೆರೆ 367.

ನೀರು ಬಂದದ್ದು ದೊಡ್ಡ ಮಾತು. ಅದನ್ನು ಅಲ್ಲಗಳೆಯುವಷ್ಟು ಕೊಬ್ಬು ನನಗಿಲ್ಲ. 2023ರ ಬರದಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಸರ್ಕಾರ ಘೋಷಿಸಿದ್ದನ್ನು ಯಾರೂ ಮರೆತಿಲ್ಲ. ಆದರೆ ಏರಿಯ ಹಿಂದಿನ ಹಳ್ಳಗಳನ್ನು ಹುಡುಕಿಕೊಂಡು ಹೋದಾಗ ನನಗೆ ಕಸಿವಿಸಿ ಆಯಿತು. ಭರಮಸಾಗರ ದಾಟಿ ಒಂದು ಸಣ್ಣ ಊರಿನಲ್ಲಿ ಕೆರೆಗೆ ಬರುವ ಹಳ್ಳದ ಮೇಲೇ ಹೊಲ ಆಗಿದೆ, ಒಂದು ಕಡೆ ಇಟ್ಟಿಗೆ ಗೂಡು, ಇನ್ನೊಂದು ಕಡೆ ಅಡ್ಡಲಾಗಿ ಲೇಔಟಿನ ರಸ್ತೆ. ಕೆಳಗೆ ಒಂದೇ ಒಂದು ಮೋರಿ ಪೈಪು. "ಮಳೆ ಬಂದ್ರೆ ನೀರು ಹೆಂಗ್ ಬರುತ್ತಣ್ಣಾ?" ಅಂತ ಒಬ್ಬರನ್ನು ಕೇಳಿದೆ. "ಈಗ ಪೈಪ್ ಐತಲ್ಲ ಸಾರ್," ಅಂದರು.

ಈ ಮಾತು ಸುತ್ತಾಟದುದ್ದಕ್ಕೂ ನನ್ನ ತಲೆಯಲ್ಲಿ ಉಳಿಯಿತು. ಪೈಪಿನ ನೀರಿಗೆ ಕರೆಂಟ್ ಬಿಲ್ಲು ಇದೆ, ಮೋಟಾರು ಕೆಡುತ್ತದೆ, ಹೊಳೆಯಲ್ಲಿ ನೀರು ಇರಬೇಕು. ಹಳ್ಳದ ನೀರಿಗೆ ಅದ್ಯಾವುದೂ ಬೇಡ. ಎರಡೂ ಇರಲಿ ಅನ್ನುವುದು ಬಿಟ್ಟು, ಒಂದು ಬಂದ ಕೂಡಲೇ ಇನ್ನೊಂದನ್ನು ಮುಚ್ಚಿಕೊಂಡು ಕೂತಿದ್ದೇವೆ.

ಅದೇ ಊರಿನ ಏರಿ ಮೇಲೆ ಒಬ್ಬ ಅಜ್ಜ ಸಿಕ್ಕರು. ಅವರ ಮನೆತನ ನೀರುಗಂಟಿ ಕೆಲಸದ್ದು. ಅಂದರೆ ತೂಬು, ಏರಿಯ ಅಡಿಯಿಂದ ನೀರು ಹೊರಗೆ ಬಿಡುವ ಬಾಗಿಲು, ಅದನ್ನು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಅಂತ ನೋಡಿಕೊಳ್ಳುವವರು. ಸುಗ್ಗಿಯಲ್ಲಿ ಕಣದಿಂದ ಇಷ್ಟು ಅಂತ ಕಾಳು ಅವರ ಪಾಲಿಗೆ. ಈಗ ಕಾಳೂ ಇಲ್ಲ, ಕೆಲಸವೂ ಇಲ್ಲ.

"ತೂಬು ಎತ್ತಿ ಎಷ್ಟು ವರ್ಷ ಆಯ್ತು ಯಜಮಾನ್ರೇ?" ಮಾವ ಕೇಳಿದರು.

"ಅಯ್ಯೋ, ಅದನ್ನ ಮುಚ್ಚಿ ಸಿಮೆಂಟ್ ಹಾಕ್ಯಾರೆ ಸ್ವಾಮಿ. ತೂಬು ಎತ್ತಿದ್ರೆ ಜಗಳ ಆಗ್ತೈತೆ."

ಜಗಳ ಯಾಕೆ ಅಂದರೆ, ಕೆರೆ ತುಂಬಿ ನಿಂತರೆ ಸುತ್ತ ಕೊಳವೆಬಾವಿಗಳಲ್ಲಿ ನೀರು ಏರುತ್ತದೆ. ಅಡಿಕೆ ತೋಟದವರಿಗೆ ಬೇಕಾದದ್ದು ಅದು. ಕೆರೆ ಕೆಳಗಿನ ಅಚ್ಚುಕಟ್ಟಿನಲ್ಲಿ, ಅಂದರೆ ಕೆರೆ ನೀರು ಹಾಯುವ ಜಮೀನಿನಲ್ಲಿ, ಭತ್ತ, ರಾಗಿ ಮಾಡುವವರು ಕಮ್ಮಿ ಆದರು. ಇದ್ದವರೂ ಬೋರ್ ಹಾಕಿಸಿಕೊಂಡರು. ಮೀನಿನ ಗುತ್ತಿಗೆ ಹಿಡಿದವನಿಗೂ ಕೆರೆ ಬರಿದಾಗುವುದು ಬೇಡ, ಕಾಟ್ಲಾ, ರೋಹು ಮರಿ ಬಿಟ್ಟಿರುತ್ತಾನೆ. ಹಾಗಾಗಿ ಎಲ್ಲರೂ ಸೇರಿ ತೂಬು ಮುಚ್ಚಿದರು. ನೀರಾವರಿಗೆ ಅಂತ ಕಟ್ಟಿದ ಕೆರೆ ಈಗ ಇಂಗುಗುಂಡಿ ಆಗಿದೆ. ಇದು ತಪ್ಪು ಅಂತ ನಾನು ಹೇಳುತ್ತಿಲ್ಲ. ಬೋರ್ ಇರುವವನಿಗೆ ಲಾಭ, ಇಲ್ಲದವನ ಪಾಲಿಗೆ ಏನೂ ಇಲ್ಲ, ಇದನ್ನು ಊರು ಕೂತು ಮಾತಾಡಬೇಕಿತ್ತು. ಮಾತಾಡಿದಂತೆ ಕಾಣಲಿಲ್ಲ.

ತೂಬು ಮುಚ್ಚುವುದರಲ್ಲಿ ಇನ್ನೊಂದು ತೊಂದರೆ ಇದೆ ಅಂತ ಮಾವ ಹೇಳಿದರು. ಏರಿಯಲ್ಲಿ ಎಲ್ಲಕ್ಕಿಂತ ಸೂಕ್ಷ್ಮ ಜಾಗ ತೂಬೇ. ಮಣ್ಣಿನ ನಡುವೆ ಕಲ್ಲಿನ ಕಾಲುವೆ ತೂರಿಸಿರುತ್ತಾರೆ. ಮಣ್ಣು ಕುಸಿಯುತ್ತದೆ, ಕಲ್ಲು ಕುಸಿಯುವುದಿಲ್ಲ. ಎರಡರ ನಡುವೆ ಕೂದಲೆಳೆ ಸಂದು ಬಿಟ್ಟರೂ ನೀರು ದಾರಿ ಹುಡುಕಿಕೊಳ್ಳುತ್ತದೆ. ತೂಬು ಎತ್ತಿ ಇಳಿಸುವ ಮನುಷ್ಯ ಇದ್ದಾಗ ಅಲ್ಲಿ ಒದ್ದೆ ಆಯಿತು, ಮಣ್ಣು ಕುಸಿಯಿತು ಅಂತ ತಕ್ಷಣ ಗೊತ್ತಾಗುತ್ತಿತ್ತು. ಈಗ ಆ ಕಡೆ ಹೋಗುವವರೇ ಇಲ್ಲ.

ಏರಿ ಹಿಂಬದಿಗೆ ಇಳಿದೆವು. ಬುಡದಲ್ಲಿ ನೀರು ಜಿನುಗುತ್ತಿತ್ತು. ನಾನು ಗಾಬರಿಯಾದೆ. ಮಾವ ಬೊಗಸೆಯಲ್ಲಿ ನೀರು ಹಿಡಿದು ನೋಡಿದರು. ತಿಳಿಯಾಗಿತ್ತು. "ಏನೂ ಆಗಲ್ಲ. ಮಣ್ಣಿನ ಏರಿ ಸ್ವಲ್ಪ ಸೋರ್ತದೆ. ತಿಳಿನೀರು ಬಂದ್ರೆ ಹೆದರಬೇಡ. ಕೆಸರು ಬಣ್ಣ ಬಂತು ಅಂದ್ರೆ ಒಳಗಿನ ಮಣ್ಣು ಹೊರಗೆ ಬರ್ತಿದೆ ಅಂತ. ಆಗ ಊರಿಗೆ ಹೇಳಿ ಓಡು." ಇಲಿ ಬಿಲ, ಏಡಿ ಬಿಲ, ಕಡಿದುಹಾಕಿದ ಮರದ ಕೊಳೆತ ಬೇರು, ಇವೆಲ್ಲ ಆ ಕೆಸರು ನೀರಿಗೆ ದಾರಿ. ಆ ಏರಿ ಮೇಲೆ ತೋಳು ದಪ್ಪದ ಬಳ್ಳಾರಿ ಜಾಲಿ ಬೆಳೆದು ನಿಂತಿತ್ತು.

ಮಧ್ಯಾಹ್ನದ ಮೇಲೆ ಭೀಮಸಮುದ್ರ. ಕೆರೆ ದೊಡ್ಡದು, ಊರು ಅಡಿಕೆ ವ್ಯಾಪಾರಕ್ಕೆ ಹೆಸರಾದದ್ದು. ಗುಡ್ಡದ ಕಡೆಯಿಂದ ಅದಿರಿನ ಲಾರಿಗಳ ಕೆಂಪು ದೂಳು. ಸುತ್ತ ತೋಟ. ಅಡಿಕೆ ಒಮ್ಮೆ ನೆಟ್ಟರೆ ವರ್ಷಪೂರ್ತಿ ನೀರು ಕೇಳುತ್ತದೆ. ಭತ್ತ ಹಾಗಲ್ಲ, ಕೆರೆಯಲ್ಲಿ ನೀರಿಲ್ಲದ ವರ್ಷ ಸುಮ್ನೆ ಬಿತ್ತದೆ ಇರಬಹುದು. ಕೆರೆ ನೀರಾವರಿಯ ಲೆಕ್ಕ ಇದ್ದದ್ದೇ ಹಾಗೆ: ಇದ್ದ ವರ್ಷ ಗದ್ದೆ, ಇಲ್ಲದ ವರ್ಷ ಮಳೆಯಾಶ್ರಯ. ಅಡಿಕೆಗೆ ಆ ಲೆಕ್ಕ ಗೊತ್ತಿಲ್ಲ. ಅದಕ್ಕೇ 2024ರ ಬೇಸಿಗೆಯಲ್ಲಿ ಈ ಸೀಮೆಯಲ್ಲಿ ಟ್ಯಾಂಕರ್ ನೀರು ಕೊಂಡು ಮರ ಉಳಿಸಿಕೊಂಡದ್ದು. ಇದನ್ನು ಬರೆದರೆ ನಮ್ಮ ನೆಂಟರೇ ಬೈಯುತ್ತಾರೆ, ಗೊತ್ತು. ಅವರದ್ದೂ ತೋಟ ಇದೆ.

ಭಾನುವಾರ, ದುರ್ಗ ಮತ್ತು ಮಾರಿಕಣಿವೆ

ಬೆಳಿಗ್ಗೆ ಚಂದ್ರವಳ್ಳಿ. ಜನ ಇಲ್ಲಿ ಗುಹೆ ನೋಡಲು ಬರುತ್ತಾರೆ. ನಾವು ಭೈರವೇಶ್ವರ ಗುಡಿ ಪಕ್ಕದ ಬಂಡೆಯ ಹತ್ತಿರ ಹೋದೆವು. ಅದರ ಮೇಲೆ ಕದಂಬರ ಮಯೂರಶರ್ಮನ ಪುಟ್ಟ ಶಾಸನ ಇದೆ. ನಾಲ್ಕನೇ ಶತಮಾನದ್ದು, ಪ್ರಾಕೃತ ಭಾಷೆ, ಬ್ರಾಹ್ಮಿ ಲಿಪಿ. 1929ರಲ್ಲಿ ಇಲ್ಲಿ ಅಗೆತ ಮಾಡಿಸಿದ ಮೈಸೂರಿನ ಎಂ.ಎಚ್. ಕೃಷ್ಣ ಅವರು ಇದನ್ನು ಬೆಳಕಿಗೆ ತಂದವರು. ಪಲ್ಲವರು, ಆಭೀರರು ಅಂತ ಅವನು ಸೋಲಿಸಿದವರ ಪಟ್ಟಿ ಇದೆ. ಆದರೆ ಶಾಸನ ಹಾಕಿಸಿದ್ದು ಗೆದ್ದದ್ದಕ್ಕಲ್ಲ, ತಟಾಕಕ್ಕೆ. ಇಷ್ಟು ರಾಜ್ಯ ಗೆದ್ದ ಕದಂಬರ ಮಯೂರಶರ್ಮ ಈ ಕೆರೆ ಮಾಡಿಸಿದ, ಅಷ್ಟೇ ಸಾರ. ಎದುರಿಗೆ ಗುಡ್ಡಗಳ ನಡುವೆ ಇವತ್ತಿಗೂ ಕೆರೆ ಇದೆ, ನೀರೂ ಇದೆ.

ಒಣ ಸೀಮೆಯಲ್ಲಿ ಹದಿನಾರು ನೂರು ವರ್ಷಕ್ಕೂ ಹಿಂದೆ ಒಬ್ಬ ರಾಜ ತನ್ನ ದೊಡ್ಡಸ್ತಿಕೆಯನ್ನು ಕೆರೆಯ ದಂಡೆಯಲ್ಲಿ ಬರೆಸುತ್ತಾನೆ. ನನಗೆ ದುರ್ಗದ ಕೋಟೆಯಲ್ಲೂ ಸಿಗದ ಖುಷಿ ಈ ಬಂಡೆಯ ಮುಂದೆ ಸಿಕ್ಕಿತು. ಮುಂದಿನ ಶತಮಾನಗಳ ಶಾಸನಗಳಲ್ಲಿ ಕೆರೆ ಕಟ್ಟಿಸಿದ್ದಷ್ಟೇ ಅಲ್ಲ, ಅದನ್ನು ಉಳಿಸಿಕೊಳ್ಳಲು ಏನು ಮಾಡಿದರು ಅನ್ನುವುದೂ ಸಿಗುತ್ತದೆ. ಹೂಳು, ಮಣ್ಣು ಹೊರುವ ಕೆರೆಬಂಡಿಗೆ ಇಷ್ಟು ಭೂಮಿ, ಕೆರೆ ಕಟ್ಟಿದವನಿಗೆ, ನೋಡಿಕೊಂಡವನಿಗೆ ಅಚ್ಚುಕಟ್ಟಿನಲ್ಲಿ ಬಿತ್ತುವಟ್ಟ, ಅಂದರೆ ಮಾನ್ಯವಾಗಿ ಬಿಟ್ಟ ಪಾಲು. ಖರ್ಚಿಗೆ ದಾರಿ ಮಾಡಿಟ್ಟೇ ಕೆರೆ ಕಟ್ಟುತ್ತಿದ್ದರು. ಈಗಿನ ಟೆಂಡರಿನಲ್ಲಿ ಕಟ್ಟುವುದಕ್ಕೆ ಹಣ ಇರುತ್ತದೆ, ಕಾಯುವುದಕ್ಕೆ ಇರುವುದಿಲ್ಲ.

ಕೋಟೆಯನ್ನೂ ಹತ್ತಿದೆವು, ಆದರೆ ಒನಕೆ ಓಬವ್ವನ ಕಿಂಡಿಯ ಕಡೆಗಿಂತ ಹೊಂಡಗಳ ಕಡೆಗೇ ಜಾಸ್ತಿ ಸುತ್ತಿದೆವು. ಗೋಪಾಲಸ್ವಾಮಿ ಹೊಂಡ ತುಂಬಿ ಹರಿದದ್ದು ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆ ಹೊಂಡಕ್ಕೆ. ಬಂಡೆ ಮೇಲೆ ಬಿದ್ದ ಮಳೆ ಒಂದು ಕಡೆಯೂ ಸುಮ್ಮನೆ ಹೋಗಬಾರದು ಅನ್ನುವ ಹಟ ಅದರಲ್ಲಿ ಕಾಣುತ್ತದೆ.

ಬಯಲಿನಲ್ಲೂ ಇದೇ ಸರಪಳಿ. ಮೇಲಿನ ಊರಿನ ಕೆರೆ ತುಂಬಿ ಕೋಡಿ ಬಿದ್ದರೆ ಕೆಳಗಿನ ಊರಿನ ಕೆರೆಗೆ ನೀರು. ಬೆಂಗಳೂರಿನಲ್ಲಿ ಸ್ಯಾಂಕಿ ಕೆರೆ ಇದೆಯಲ್ಲ, ಆ ಸ್ಯಾಂಕಿ 1860ರ ದಶಕದಲ್ಲಿ ಮೈಸೂರು ರಾಜ್ಯದ ಚೀಫ್ ಇಂಜಿನಿಯರ್. ಈ ರಾಜ್ಯದಲ್ಲಿ ಹೊಸ ಕೆರೆಗೆ ಜಾಗ ಹುಡುಕಬೇಕಾದರೆ ಜಾಣತನ ಬೇಕು, ಅಷ್ಟರ ಮಟ್ಟಿಗೆ ಇವರು ಎಲ್ಲ ಹಳ್ಳಕ್ಕೂ ಕೆರೆ ಕಟ್ಟಿದ್ದಾರೆ ಅನ್ನುವ ಅರ್ಥದ ಮಾತು ಬರೆದಿದ್ದ. ರಾಜ್ಯದಲ್ಲಿ ಈಗಲೂ 36 ಸಾವಿರಕ್ಕೂ ಹೆಚ್ಚು ಕೆರೆಗಳ ಲೆಕ್ಕ ಇದೆ. ಅಚ್ಚುಕಟ್ಟು 40 ಹೆಕ್ಟೇರಿಗಿಂತ ಕಮ್ಮಿ ಇದ್ದರೆ ಪಂಚಾಯಿತಿ ಕೆರೆ, 40ರಿಂದ 2000 ಹೆಕ್ಟೇರ್ ಇದ್ದರೆ ಸಣ್ಣ ನೀರಾವರಿಯವರದ್ದು. ನೀರಿಗೆ ಈ ಗಡಿ ಗೊತ್ತಿಲ್ಲ. ಮೇಲಿನದ್ದು ಒಬ್ಬರ ಕೈಯಲ್ಲಿ, ಕೆಳಗಿನದ್ದು ಇನ್ನೊಬ್ಬರ ಕೈಯಲ್ಲಿ. ಮೇಲಿನ ಸಣ್ಣ ಕೆರೆ ಒಡೆದರೆ ಆ ನೀರು ಒಮ್ಮೆಲೇ ಕೆಳಗಿನ ದೊಡ್ಡ ಕೆರೆಗೆ ನುಗ್ಗುತ್ತದೆ.

ಮಧ್ಯಾಹ್ನ ಹಿರಿಯೂರಿನಲ್ಲಿ ಮುದ್ದೆ ಊಟ ಮಾಡಿ ಮಾರಿಕಣಿವೆಗೆ ಹೋದೆವು. ಇಲ್ಲಿನ ವಾಣಿ ವಿಲಾಸ ಸಾಗರ ಮಣ್ಣಿನ ಏರಿಯಲ್ಲ, ಕಲ್ಲು ಗಾರೆಯ ಅಣೆಕಟ್ಟು. 1907ರಲ್ಲಿ ಮುಗಿದದ್ದು, ಹಿಡಿಯುವುದು ಸುಮಾರು 30 ಟಿಎಂಸಿ. ನಮ್ಮ ಒಪ್ಪಂದ ಮುರಿದು ಇಲ್ಲಿಗೆ ಬಂದದ್ದು ಹೋಲಿಕೆಗೆ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ, ಆಮೇಲೆ 2025ರ ಜನವರಿಯಲ್ಲಿ. ವೇದಾ, ಆವತಿ ಎರಡೂ ಚಿಕ್ಕಮಗಳೂರಿನ ಗುಡ್ಡದಿಂದ ಅಯ್ಯನಕೆರೆ, ಮದಗದಕೆರೆ ದಾಟಿಕೊಂಡು ಬಂದು ಕಡೂರಿನ ಹತ್ತಿರ ಸೇರಿ ವೇದಾವತಿ ಆಗುತ್ತವೆ. ಮೇಲಿನ ನೂರಾರು ಕೆರೆ ತುಂಬಿದ ಮೇಲೆ ಮಿಕ್ಕಿದ್ದು ಇದಕ್ಕೆ. ಇಷ್ಟು ದೊಡ್ಡ ಅಣೆಕಟ್ಟೂ ಸರಪಳಿಯ ಒಂದು ಕೊಂಡಿಯೇ.

ಅಣೆಕಟ್ಟಿನ ಮೇಲೆ ಸೆಲ್ಫಿಯವರ ಗಲಾಟೆ. ಮಾವ ಅಲ್ಲಿ ಹೇಳಿದ್ದು ಒಂದೇ: "ಕಲ್ಲಿನ ಕಟ್ಟೆ ತಲೆ ಮೇಲೆ ನೀರು ಹೋದ್ರೂ ಸ್ವಲ್ಪ ಹೊತ್ತು ತಡ್ಕೊಂಡು ನಿಲ್ಲಬಹುದು. ಮಣ್ಣಿನ ಏರಿ ನಿಲ್ಲಲ್ಲ. ನಾಳೆ ಕೋಡಿ ತೋರಿಸ್ತೀನಿ, ಆಗ ಗೊತ್ತಾಗುತ್ತೆ."

ಸೋಮವಾರ, ಜಗಳೂರು ದಾರಿ

ದುರ್ಗದಿಂದ ಜಗಳೂರು ಕಡೆ ಹೊರಟರೆ ನೆಲದ ಬಣ್ಣ ಬದಲಾಗುತ್ತಾ ಹೋಗುತ್ತದೆ. 1997ರವರೆಗೆ ಇದೂ ಚಿತ್ರದುರ್ಗ ಜಿಲ್ಲೆಯೇ ಆಗಿತ್ತು. ಮಳೆ ಕಮ್ಮಿ. ಶೇಂಗಾ, ಮೆಕ್ಕೆಜೋಳ, ಈರುಳ್ಳಿ. ಕುರಿ ಹಿಂಡು ರಸ್ತೆಗೆ ಅಡ್ಡ ನಿಂತರೆ ಕಾರು ಕಾಯಬೇಕು, ಬೇರೆ ದಾರಿಯಿಲ್ಲ.

ಮಾವ ಒಂದು ಕಾಲದಲ್ಲಿ ರಿಪೇರಿ ಮಾಡಿಸಿದ ಕೆರೆಯೊಂದು ಈ ಕಡೆ ಇದೆ. ಊರಿನ ಹೆಸರು ಬೇಡ, ಯಾಕೆ ಅಂತ ಓದುತ್ತಾ ಗೊತ್ತಾಗುತ್ತದೆ. ಅರವತ್ತು ಎಕರೆ ನೀರು ನಿಲ್ಲುವ ಕೆರೆ. ಈ ವರ್ಷ ಮಳೆಯೂ ಬಂದು, ಪೈಪಿನ ನೀರೂ ಬಂದು ತುಂಬಿತ್ತು. ಊರಿನವರು ಬಾಗಿನ ಬಿಟ್ಟು, ಹೋಳಿಗೆ ಊಟ ಹಾಕಿಸಿದ್ದರಂತೆ. ಏರಿ ಮೇಲೆ ಬಾಳೆಕಂಬ ಇನ್ನೂ ಒಣಗಿ ನಿಂತಿತ್ತು.

ಮಾವ ನೇರ ಕೋಡಿಗೆ ನಡೆದರು. ಕೋಡಿ ಅಂದರೆ ಏರಿಯ ಒಂದು ತುದಿಯಲ್ಲಿ, ಗಟ್ಟಿ ನೆಲ ನೋಡಿ, ಏರಿಗಿಂತ ತಗ್ಗಾಗಿ ಕಟ್ಟಿದ ಕಲ್ಲಿನ ಗೋಡೆ. ಕೆರೆ ತುಂಬಿದ ಮೇಲೆ ಜಾಸ್ತಿ ಆದ ನೀರು ಅದರ ಮೇಲೆ ಹರಿದು ಹೋಗಬೇಕು. ಕೋಡಿಯ ತಲೆಗೂ ಏರಿಯ ತಲೆಗೂ ನಡುವೆ ಇರುವ ಆ ನಾಲ್ಕಾರು ಅಡಿ ಖಾಲಿ ಜಾಗವೇ ಕೆರೆಯ ಆಯಸ್ಸು. ದೊಡ್ಡ ಮಳೆ ಬಂದ ರಾತ್ರಿ ನೀರು ಆ ಜಾಗಕ್ಕೆ ಏರುತ್ತದೆ, ಅಲೆಯೂ ಅಲ್ಲೇ ಬಡಿಯುತ್ತದೆ.

ಇಲ್ಲಿ ಕೋಡಿಯ ಮೇಲೆ ಮರಳು ಚೀಲ ಜೋಡಿಸಿದ್ದರು. ಎರಡು ಸಾಲು. ಚೀಲದ ಸಂದಿಗೆ ಹುಲ್ಲು, ಜೇಡಿ ಮೆತ್ತಿ ಅಚ್ಚುಕಟ್ಟಾಗಿ ಮುಚ್ಚಿದ್ದರು. ಒಂದಡಿ ನೀರು ಜಾಸ್ತಿ ನಿಲ್ಲಲಿ ಅಂತ. ಇದೇನೂ ಹೊಸದಲ್ಲ. ಹಳೇ ಕೋಡಿಗಳ ಮೇಲೆ ಸಾಲಾಗಿ ನಿಲ್ಲಿಸಿದ ಕಲ್ಲುಗಳಿರುವುದೂ ಇದಕ್ಕೇ, ಮಳೆಗಾಲ ಮುಗಿಯುವಾಗ ಅವುಗಳ ನಡುವೆ ಮಣ್ಣು ತುಂಬಿ ಕೊನೆಯ ನೀರು ಹಿಡಿಯುತ್ತಿದ್ದರು. ಆದರೆ ಆಗ ನೀರುಗಂಟಿ ಇದ್ದ. ಮೋಡ ಕವಿದರೆ ರಾತ್ರಿಯಲ್ಲೂ ಹೋಗಿ ಮಣ್ಣು ಎಳೆದು ಹಾಕುತ್ತಿದ್ದ. ಈ ಚೀಲಗಳನ್ನು ರಾತ್ರಿ ಯಾರು ತೆಗೆಯುತ್ತಾರೆ?

ಸುತ್ತ ಏಳೆಂಟು ಜನ ಸೇರಿದ್ದರು. ಒಬ್ಬರು ಪಂಚಾಯಿತಿ ಮೆಂಬರ್. ಮಾವನನ್ನು ಹಳೆಯ ಪರಿಚಯದವರು ಗುರುತು ಹಿಡಿದು "ಸಾಹೇಬ್ರು ಬಂದಾರೆ" ಅಂತ ಟೀ ತರಿಸಿದರು. ಮಾವ ಟೀ ಕುಡಿಯುತ್ತಲೇ ನೆಲದ ಮೇಲೆ ಕಡ್ಡಿಯಲ್ಲಿ ಲೆಕ್ಕ ಹಾಕಿದರು.

"ನೋಡ್ರಪ್ಪಾ, ಈ ಸೀಮೆ ಬಿಸಿಲಿಗೆ ಕೆರೆ ನೀರು ವರ್ಷಕ್ಕೆ ಐದಾರು ಅಡಿ ಹಂಗೇ ಆವಿಯಾಗಿ ಹೋಗ್ತದೆ. ಅಂದ್ರೆ ನೀವು ಕಷ್ಟಪಟ್ಟು ನಿಲ್ಲಿಸಿದ ಒಂದಡಿ ಎರಡು ತಿಂಗಳ ಬಿಸಿಲಿಗೆ ಲೆಕ್ಕ. ಅದಕ್ಕೋಸ್ಕರ ಏರಿ ಪೂರಾ ಅಡ ಇಟ್ಟಿದೀರಿ."

"ಒಂದಡಿ ಅಂದ್ರೆ ಕಮ್ಮಿನಾ ಸಾಹೇಬ್ರೇ? ನಮ್ಮ ಬೋರು ಇನ್ನೊಂದು ತಿಂಗಳು ಎತ್ತತಾವೆ," ಅಂದ ಒಬ್ಬ ಹುಡುಗ. ಅವನ ಮಾತೂ ಸುಳ್ಳಲ್ಲ. ಒಂದು ಹೆಕ್ಟೇರಿನಲ್ಲಿ ಒಂದು ಮೀಟರ್ ನೀರು ನಿಂತರೆ ಒಂದು ಕೋಟಿ ಲೀಟರ್. ಅರವತ್ತು ಎಕರೆಗೆ ಒಂದಡಿ ಅಂದರೆ ಏಳು ಕೋಟಿ ಲೀಟರ್ ಮೇಲಾಯಿತು. ಟ್ಯಾಂಕರ್ ಲೆಕ್ಕದಲ್ಲಿ ನೀರು ಕೊಂಡವನಿಗೆ ಅದು ಸಣ್ಣದಾಗಿ ಕಾಣುವುದಿಲ್ಲ.

ಮಾವ ಬಿಡಲಿಲ್ಲ. ಎಲ್ಲರನ್ನೂ ಏರಿಯ ಹಿಂದಿನ ಇಳಿಜಾರಿಗೆ ಕರೆದುಕೊಂಡು ಹೋದರು. ಅಲ್ಲಿ ಕಲ್ಲು ಹೊದಿಕೆ ಇರುವುದಿಲ್ಲ, ಬರೀ ಹುಲ್ಲು. ನೀರು ಏರಿಯ ತಲೆ ದಾಟಿ ಈ ಕಡೆ ಇಳಿಯಿತು ಅಂದರೆ ಮೊದಲು ಬುಡದಲ್ಲಿ ಒಂದು ಕೊರಕಲು ಬೀಳುತ್ತದೆ. ಕೊರಕಲು ಹಿಂದಕ್ಕೆ ಕೊರೆಯುತ್ತಾ ಮೇಲೇರುತ್ತದೆ. ಕೊರಕಲು ಏರಿಯ ತಲೆ ಮುಟ್ಟಿದ ಮೇಲೆ ನೀರನ್ನು ತಡೆಯುವವರಿಲ್ಲ, ಕೆಲವೇ ಗಂಟೆಯಲ್ಲಿ ಕೆರೆ ಖಾಲಿ. "ಒಡೆಯೋದು ಮಣ್ಣು ಕೆಟ್ಟದು ಅಂತ ಅಲ್ಲ. ಕೋಡಿ ಸಣ್ಣದಾದ್ರೆ, ಕೋಡಿ ಮುಚ್ಚಿದ್ರೆ ಎಂಥ ಏರಿನೂ ಒಡೀತದೆ," ಅಂದರು. ಈಗೆಲ್ಲ ಮಳೆ ಹದಿನೈದು ದಿನದ್ದು ಒಂದೇ ರಾತ್ರಿ ಸುರಿಯುತ್ತದೆ ಅಂತ ಅಲ್ಲಿದ್ದ ಹಿರಿಯರೊಬ್ಬರೇ ಸೇರಿಸಿದರು. ಹಳ್ಳದ ಹಾದಿ ಮುಚ್ಚಿರುವುದರಿಂದ ನೀರು ಎಲ್ಲಿಂದ ನುಗ್ಗುತ್ತದೆ ಅನ್ನುವ ಅಂದಾಜೂ ಈಗ ಸಿಗುವುದಿಲ್ಲ. ಪೈಪಿನಿಂದ ಕೆರೆ ಮೊದಲೇ ತುಂಬಿದ್ದರೆ ಅಂಥ ಮಳೆಗೆ ಜಾಗವೂ ಇರುವುದಿಲ್ಲ. ತೂಬು ಇದ್ದರೆ ಮುಂಚೆಯೇ ಸ್ವಲ್ಪ ಇಳಿಸಿಕೊಳ್ಳಬಹುದಿತ್ತು. ತೂಬೂ ಜಾಮ್ ಆಗಿದೆ.

ಮೆಂಬರ್‌ಗೆ ಇದು ತಟ್ಟಿತು ಅನ್ನಿಸುತ್ತದೆ. ಜೇಬಿನಿಂದ ಒಂದು ಮದುವೆ ಕಾರ್ಡು ತೆಗೆದು, ಹಿಂದುಗಡೆ ಬರೆದುಕೊಳ್ಳಲು ಪೆನ್ನು ಕೇಳಿದರು. ಮಾವ ಹೇಳುತ್ತಾ ಹೋದರು. ಚೀಲ ಇವತ್ತೇ ತೆಗೆಯಿರಿ. ಏರಿ ಮೇಲಿನ ಸಣ್ಣ ಜಾಲಿ ಬೇರು ಸಮೇತ ಕೀಳಿಸಿ, ಗುಂಡಿಗೆ ಮಣ್ಣು ತುಂಬಿ ಗುದ್ದಿಸಿ. ದೊಡ್ಡ ಮರಕ್ಕೆ ಕೈ ಹಾಕುವ ಮುಂಚೆ ಇಲಾಖೆಯವರನ್ನು ಕರೆಸಿ. ತೂಬಿನ ಗೇಟಿನ ಸ್ಕ್ರೂಗೆ ಎಣ್ಣೆ ಬಿಟ್ಟು, ಬೇಸಿಗೆಯಲ್ಲಿ ನೀರು ಇಳಿದಾಗ ಬಿಚ್ಚಿ ನೋಡಿ. ಒಬ್ಬ ನೀರುಗಂಟಿಯನ್ನು ನೇಮಿಸಿ, ತಿಂಗಳಿಗೆ ಇಷ್ಟು ಅಂತ ಕೊಡಿ.

ಮೆಂಬರ್ ಎಲ್ಲ ಬರೆದುಕೊಂಡರು. ಕೊನೆಯ ಸಾಲಿಗೆ ಬಂದಾಗ ಪೆನ್ನು ನಿಂತಿತು.

"ಜಂಗಲ್ ಕಟಿಂಗ್ ನರೇಗಾದಾಗೆ ಹಾಕ್ಬೋದು ಸಾಹೇಬ್ರೇ. ಈ ನೀರುಗಂಟಿ ಸಂಬಳ ಯಾವ ಹೆಡ್ಡಿಗೆ ಹಾಕೋದು?"

ಮಾವ ಸ್ವಲ್ಪ ಹೊತ್ತು ಯೋಚಿಸಿದರು. ಇಲಾಖೆಯಲ್ಲಿ ಅಷ್ಟು ವರ್ಷ ಇದ್ದವರಿಗೂ ಉತ್ತರ ಹೊಳೆಯಲಿಲ್ಲ.

"ಮೀನಿನ ಗುತ್ತಿಗೆ ದುಡ್ಡು ಯಾರಿಗೆ ಬರ್ತದೆ?" ಕೇಳಿದರು.

ಯಾರೂ ಮಾತಾಡಲಿಲ್ಲ. ಬೋರಿನ ಮಾತು ಎತ್ತಿದ್ದ ಹುಡುಗ ಮೆಂಬರ್ ಕಡೆ ನೋಡಿ ನಕ್ಕ. ಮೆಂಬರ್ ಕಾರ್ಡು ಮಡಚಿ ಜೇಬಿಗೆ ಇಟ್ಟುಕೊಂಡು, "ಗ್ರಾಮಸಭೆಯಾಗೆ ಇಡಾನ ಬಿಡ್ರಿ," ಅಂದರು. ಅಷ್ಟರಲ್ಲಿ ಇಬ್ಬರು ಹುಡುಗರು ಕೋಡಿ ಮೇಲೆ ಹತ್ತಿ ಚೀಲ ಎತ್ತಲು ಶುರು ಮಾಡಿದ್ದರು. ಮೇಲಿನ ಸಾಲು ಪೂರಾ ತೆಗೆದರು. ಕೆಳಗಿನ ಸಾಲು ಇರಲಿ, ಸಂಕ್ರಾಂತಿವರೆಗೆ ನೋಡೋಣ ಅಂತ ಊರಿನವರು ಪಟ್ಟು ಹಿಡಿದರು. ಮಾವ ಒಪ್ಪಲಿಲ್ಲ. ನಾವು ಕಾರು ಹತ್ತುವವರೆಗೂ ಆ ಕೆಳಗಿನ ಸಾಲಿನ ಚರ್ಚೆ ನಡೆದೇ ಇತ್ತು.